ಹುಬ್ಬಳ್ಳಿ–ಧಾರವಾಡದಲ್ಲಿ ಎಲ್ಲಿ, ಯಾವಾಗ, ಏನು ನಡೆಯುತ್ತದೆ ಎಂದು ಮುಂಚಿತವಾಗಿ ತಿಳಿಯುವುದು ಹೇಗೆ?

ಕುಂದಾಪುರದವಳು ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಬ್ಯಾಂಕಿನ ವರ್ಗಾವಣೆಯಲ್ಲಿ ಹುಬ್ಬಳ್ಳಿಗೆ ಬಂದು ನಾಲ್ಕು ತಿಂಗಳಾಯಿತು. ವಿದ್ಯಾನಗರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದೇನೆ. ವಾರದ ದಿನಗಳಲ್ಲಿ ಕೆಲಸ ತಲೆ ಎತ್ತಲು ಬಿಡುವುದಿಲ್ಲ, ಹಾಗಾಗಿ ಚಿಂತೆಯಿಲ್ಲ. ಎರಡನೇ ಶನಿವಾರ, ನಾಲ್ಕನೇ ಶನಿವಾರ ಮತ್ತು ಭಾನುವಾರಗಳು ಬಂದರೆ ಮಾತ್ರ ಗೋಡೆಯ ಹಲ್ಲಿ ಎಣಿಸುವ ಸ್ಥಿತಿ.

ಸಹೋದ್ಯೋಗಿಗಳನ್ನು ಕೇಳಿದೆ. ‘ಇಲ್ಲೇನಿದೆ ಮೇಡಂ? ಧೂಳಿದೆ, ಮಾಲ್ ಇದೆ, ಗೋವಾಕ್ಕೆ ರೈಲಿದೆ’ ಎಂದರು. ಮೊಬೈಲಿನಲ್ಲಿ ಹುಡುಕಿದರೆ ಉಣಕಲ್ ಕೆರೆ, ನೃಪತುಂಗ ಬೆಟ್ಟ, ಗಾಜಿನ ಮನೆ ಎಂಬ ಮೂರೇ ಹೆಸರು ತಿರುಗಾಮುರುಗಾ ಬರುತ್ತವೆ. ಮೂರನ್ನೂ ಒಂದೇ ಭಾನುವಾರ ನೋಡಿ ಮುಗಿಸಿ ಮಧ್ಯಾಹ್ನದ ಊಟಕ್ಕೆ ಕೋಣೆಗೆ ಮರಳಿದ್ದೆ. ಟಿಕೆಟ್ ಮಾರುವ ಆ್ಯಪ್‌ಗಳಲ್ಲಿ ತಿಂಗಳಿಗೆ ಒಬ್ಬ ಹಾಸ್ಯಗಾರ ಸಿಕ್ಕರೆ ಹೆಚ್ಚು.

ಆದರೆ ನನ್ನ ಹೊಟ್ಟೆ ಉರಿಸಿದ ಸಂಗತಿ ಬೇರೆ. ಕಳೆದ ತಿಂಗಳು ಒಂದು ಸೋಮವಾರ ಬೆಳಿಗ್ಗೆ ಪತ್ರಿಕೆಯ ಒಳಪುಟದಲ್ಲಿ ಒಂದು ಫೋಟೊ ನೋಡಿದೆ. ಹಿಂದೂಸ್ತಾನಿ ಗಾಯನ, ತುಂಬಿದ ಸಭಾಂಗಣ, ನೆಲದ ಮೇಲೂ ಜನ. ನಡೆದದ್ದು ಹಿಂದಿನ ಸಂಜೆ, ನನ್ನ ಕೋಣೆಯಿಂದ ಆಟೋದಲ್ಲಿ ಹತ್ತು ನಿಮಿಷದ ದಾರಿಯಲ್ಲಿ. ಆ ಹೊತ್ತಿಗೆ ನಾನು ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದೆ! ಅಂದರೆ ಈ ಊರಿನಲ್ಲಿ ಏನೋ ನಡೆಯುತ್ತಿದೆ, ಅದು ನನ್ನ ಕಿವಿಗೆ ಬೀಳುತ್ತಿಲ್ಲ. ನಮ್ಮ ಕಡೆ ಯಕ್ಷಗಾನದ ಮೇಳ ಹೊರಟಿತೆಂದರೆ ಇಂದು ಯಾವ ಮೇಳದ ಆಟ ಎಲ್ಲಿ ಎಂದು ಪತ್ರಿಕೆಯಲ್ಲೇ ಪಟ್ಟಿ ಬರುತ್ತದೆ. ಇಲ್ಲಿ ಅಂಥದ್ದು ಏನಾದರೂ ಇದೆಯೇ?

ಇನ್ನೆರಡು ಪ್ರಶ್ನೆ. ಒಬ್ಬಳೇ ಹೋಗಿ ರಾತ್ರಿ ಮರಳುವುದು ಹೇಗೆ? ದೀಪಾವಳಿಗೆ ಅಮ್ಮ ಒಂದು ವಾರ ಬರುತ್ತಾರೆ, ಮಂಡಿನೋವಿನವರು. ಅವರನ್ನು ಎಲ್ಲಿಗೆ ಕರೆದೊಯ್ಯಲಿ?

ಕೊಪ್ಪೀಕರ ರಸ್ತೆಯವನು:

ನಿಮ್ಮ ಸಹೋದ್ಯೋಗಿಗಳು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ನಾನು ಹುಟ್ಟಿ ಬೆಳೆದದ್ದೇ ಇಲ್ಲಿ. ಸಂಜೆ ದುರ್ಗದಬೈಲಿಗೆ ಹೋಗಿ ಗಿರಮಿಟ್ಟು, ಮಿರ್ಚಿ ತಿಂದು, ಚಹಾ ಕುಡಿದು ಮನೆಗೆ ಹೋಗುವುದೇ ಹುಬ್ಬಳ್ಳಿಯ ಮನರಂಜನೆ. ಕಾರ್ಯಕ್ರಮಗಳಿಗೆ ಹೋಗಿ ನೋಡಿ, ಐದೂವರೆ ಎಂದು ಕಾರ್ಡಿನಲ್ಲಿ ಹಾಕಿರುತ್ತಾರೆ, ಏಳಾದರೂ ಶಾಲು ಹೊದಿಸುತ್ತಲೇ ಇರುತ್ತಾರೆ. ನಾನು ಹೋಗುವುದನ್ನು ಬಿಟ್ಟು ಹತ್ತು ವರ್ಷವಾಯಿತು.

ಮೈಕ್‌ಸೆಟ್ ಕಾಕಾ:

ತಂಗೀ, ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ. ನಲವತ್ತು ವರ್ಷ ಈ ಎರಡೂ ಊರುಗಳಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಟ್ಟವನು ನಾನು. ಮದುವೆ, ಪುರಾಣ, ಪ್ರವಚನ, ಚುನಾವಣೆ, ಸಂಗೀತ, ಶ್ರದ್ಧಾಂಜಲಿ ಸಭೆ, ಯಾವುದನ್ನೂ ಬಿಟ್ಟಿಲ್ಲ. ವೇದಿಕೆಯ ಮೇಲೆ ಕೂರುವವರಿಗಿಂತ ಎರಡು ತಾಸು ಮೊದಲು ಹೋಗಿ, ಅವರು ಎದ್ದುಹೋದ ಮೇಲೆ ವೈರು ಸುತ್ತಿಕೊಂಡು ಬರುವ ಕಸುಬು. ಈಗ ಅದು ಮಗನ ಪಾಲಿಗೆ ಹೋಗಿದೆ. ನಾನು ಖಾಲಿ ಕೈಯಲ್ಲಿ ಹೋಗಿ ಕುಳಿತು ಕೇಳುತ್ತೇನೆ. ನಲವತ್ತು ವರ್ಷ ಸಂಗೀತ ಕೇಳಿದ್ದೇನೆ ಎಂದುಕೊಂಡಿದ್ದೆ. ಕೇಳಿದ್ದು ಸಂಗೀತವನ್ನಲ್ಲ, ಮೈಕ್ ಎಲ್ಲಿ ಕುಯ್ಯೆಂದೀತೋ ಎಂಬ ಭಯವನ್ನು ಎಂದು ಈಗ ಗೊತ್ತಾಗುತ್ತಿದೆ.

ನೀವು ಟಿಕೆಟ್ ಹುಡುಕುತ್ತಿದ್ದೀರಿ, ಅಲ್ಲಿಯೇ ದಾರಿ ತಪ್ಪಿದ್ದು. ಇಲ್ಲಿ ಟಿಕೆಟ್ ಇಟ್ಟರೆ ಜನ ಬರುವುದಿಲ್ಲ, ಆಮಂತ್ರಣದ ಕಾರ್ಡು ಹಂಚಿದರೆ ಬರುತ್ತಾರೆ. ಬಹುತೇಕ ಎಲ್ಲವೂ ಪುಕ್ಕಟೆ. ಪುಕ್ಕಟೆಯಾದ್ದರಿಂದಲೇ ಅದು ಯಾವ ಆ್ಯಪಿಗೂ ಬರುವುದಿಲ್ಲ, ಮಾರುವುದಕ್ಕೆ ಅಲ್ಲಿ ಏನೂ ಇಲ್ಲವಲ್ಲ. ಹಾಗಾದರೆ ಖರ್ಚು ಯಾರದು ಎಂದು ಕೇಳಬಹುದು. ಇಲ್ಲಿ ಸತ್ತವರೇ ಕಾರ್ಯಕ್ರಮ ಮಾಡಿಸುತ್ತಾರೆ. ತಮಾಷೆಗೆ ಹೇಳುತ್ತಿಲ್ಲ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ ಗೊತ್ತಲ್ಲ, ರಾ. ಹ. ದೇಶಪಾಂಡೆಯವರು 1890ರ ಜುಲೈ 20ರಂದು ಕಟ್ಟಿದ್ದು. ತೀರಿಕೊಂಡ ತಂದೆಯ ಹೆಸರಿನಲ್ಲೋ ತಾಯಿಯ ಹೆಸರಿನಲ್ಲೋ ಮಕ್ಕಳು ಅಲ್ಲಿ ಇಷ್ಟು ಎಂದು ಹಣ ಇಡುತ್ತಾರೆ. ಅಸಲು ಮುಟ್ಟುವಂತಿಲ್ಲ. ವರ್ಷಕ್ಕೊಮ್ಮೆ ಬರುವ ಬಡ್ಡಿಯಲ್ಲಿ ಒಂದು ಉಪನ್ಯಾಸ, ಇಲ್ಲವೇ ಒಂದು ಗಾಯನ. ಇದಕ್ಕೆ ದತ್ತಿ ಕಾರ್ಯಕ್ರಮ ಎನ್ನುತ್ತಾರೆ. ವಿಷಯವನ್ನೂ ಎಷ್ಟೋ ಸಲ ಹಣ ಇಟ್ಟವರೇ ಸೂಚಿಸಿರುತ್ತಾರೆ. ಅದಕ್ಕೇ ಮಂಗಳವಾರ ವಚನ, ಗುರುವಾರ ಒಣಬೇಸಾಯ, ಶನಿವಾರ ಜನಪದ ಗೀತೆ ಎಂದು ಒಂದಕ್ಕೊಂದು ಸಂಬಂಧವಿಲ್ಲದ ವಿಷಯಗಳು ಅದೇ ಸಭಾಂಗಣದಲ್ಲಿ ಬರುತ್ತವೆ. ಜುಬಿಲಿ ಸರ್ಕಲ್ಲಿನಲ್ಲಿ ಇಳಿದು ಸಂಘ ಎಲ್ಲಿ ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಒಳಗೆ ಹೋಗಿ ಸೂಚನಾ ಫಲಕದ ಮುಂದೆ ಐದು ನಿಮಿಷ ನಿಲ್ಲಿ.

ಪತ್ರಿಕೆಯಲ್ಲಿ ಪಟ್ಟಿ ಇದೆಯೇ ಎಂದಿರಿ. ಇದೆ. ಇಲ್ಲಿನ ಆವೃತ್ತಿಯ ಒಳಪುಟದಲ್ಲಿ, ಮೂಲೆಯಲ್ಲಿ, ಇಂದಿನ ಕಾರ್ಯಕ್ರಮ ಎಂದು ಇರುವೆಯಷ್ಟು ಅಕ್ಷರದಲ್ಲಿ ಬರುತ್ತದೆ. ನೀವು ಫೋಟೊ ನೋಡಿದ ಪುಟದಲ್ಲೇ ಹುಡುಕಿ. ಅದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿದೆ. ಸಭಾಂಗಣದ ಬಾಗಿಲಲ್ಲಿ ಮೇಜಿನ ಮೇಲೆ ಒಂದು ರಿಜಿಸ್ಟರು, ದಾರ ಕಟ್ಟಿದ ಪೆನ್ನು ಇಟ್ಟಿರುತ್ತಾರೆ. ಹೊಸಬರು ಅದನ್ನು ದಾಟಿ ಹೋಗಿಬಿಡುತ್ತಾರೆ. ನೀವು ನಿಂತು ಹೆಸರು, ಮೊಬೈಲ್ ಸಂಖ್ಯೆ ಬರೆಯಿರಿ. ಮುಂದಿನ ಸಲದ ಕಾರ್ಡು ವಾಟ್ಸ್‌ಆ್ಯಪಿನಲ್ಲಿ ತಾನಾಗಿಯೇ ಬರುತ್ತದೆ. ಒಂದು ರಿಜಿಸ್ಟರಿನಲ್ಲಿ ಬರೆದ ಹೆಸರು ನಾಲ್ಕು ಸಂಸ್ಥೆಗಳಿಗೆ ಹೇಗೆ ತಲುಪುತ್ತದೆ ಎಂಬ ಗುಟ್ಟು ನನಗೂ ಬಗೆಹರಿದಿಲ್ಲ.

ಇನ್ನು ತಾರೀಖುಗಳು. ದೊಡ್ಡ ಗಾಯಕರ ಪುಣ್ಯತಿಥಿಗಳೆಂದು ನನ್ನ ಡೈರಿಯಲ್ಲಿ ಎರಡು ದಿನಗಳಿಗೆ ಕೆಂಪು ಗೆರೆ ಇರುತ್ತಿತ್ತು. ಒಂದು ಜುಲೈ 21. ಬಸವರಾಜ ರಾಜಗುರು ತೀರಿಕೊಂಡದ್ದು 1991ರ ಆ ದಿನ, ಗಂಗೂಬಾಯಿ ಹಾನಗಲ್ ತೀರಿಕೊಂಡದ್ದು 2009ರ ಅದೇ ದಿನ. ಅದು ಈ ವರ್ಷ ಮುಗಿಯಿತು. ಇನ್ನೊಂದು ಸೆಪ್ಟೆಂಬರ್ 12. ಸವಾಯಿ ಗಂಧರ್ವರು 1952ರಲ್ಲಿ, ಮಲ್ಲಿಕಾರ್ಜುನ ಮನಸೂರರು 1992ರಲ್ಲಿ ತೀರಿಕೊಂಡ ದಿನ. ಇಬ್ಬಿಬ್ಬರು ದೊಡ್ಡವರಿಗೆ ಒಂದೊಂದು ದಿನ ಬಂದು ನನ್ನಂಥವನಿಗೆ ಅಂದು ಎಲ್ಲಿಗೆ ಯಾವ ಸ್ಪೀಕರ್ ಡಬ್ಬಿ ಕಳಿಸುವುದು ಎಂಬ ಪೇಚಾಟವಾಗುತ್ತಿತ್ತು. ಕಾರ್ಯಕ್ರಮ ಅದೇ ದಿನ ಇರಲಿಕ್ಕಿಲ್ಲ, ಹಿಂದುಮುಂದಿನ ರವಿವಾರಕ್ಕೆ ಸರಿದಿರುತ್ತದೆ. ಧಾರವಾಡದ ಮಲ್ಲಿಕಾರ್ಜುನ ಮನಸೂರ ಕಲಾಭವನ, ಕರ್ನಾಟಕ ಕಾಲೇಜಿನ ಆವರಣದ ಸೃಜನಾ ರಂಗಮಂದಿರ, ಹುಬ್ಬಳ್ಳಿ ದೇಶಪಾಂಡೆ ನಗರದ ಸವಾಯಿ ಗಂಧರ್ವ ಕಲಾಮಂದಿರ, ಈ ಮೂರರ ಮೇಲೆ ಕಣ್ಣಿಟ್ಟರೆ ನಿಮ್ಮ ಇಸ್ತ್ರಿ ಪೆಟ್ಟಿಗೆಗೆ ವಿಶ್ರಾಂತಿ ಸಿಗುತ್ತದೆ.

ಅದಕ್ಕೆಲ್ಲ ಕಳಶ ಇಟ್ಟಂತಿರುವುದು ಕುಂದಗೋಳ. ಹುಬ್ಬಳ್ಳಿಯಿಂದ ಹಾವೇರಿಯ ಕಡೆ ಹೋಗುವ ರೈಲು ಹಿಡಿದರೆ ಬೇಗನೆ ಬರುವ ಊರು. ರಾಮಭಾವು ಕುಂದಗೋಳಕರ ಅಂದರೆ ಸವಾಯಿ ಗಂಧರ್ವರು ಅಲ್ಲಿಯವರು. ಅವರಲ್ಲಿ ಕಲಿಯಲು ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬರುತ್ತಿದ್ದರು. ಗದಗ ಕಡೆಯ ರೋಣದಲ್ಲಿ ಹುಟ್ಟಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದ ಭೀಮಸೇನ ಜೋಶಿಯವರು ಉತ್ತರವೆಲ್ಲ ಅಲೆದು ಕೊನೆಗೆ ಬಂದು ನಿಂತದ್ದೂ ಇದೇ ಬಾಗಿಲಿಗೆ. ಅಲ್ಲಿಯ ನಾಡಿಗೇರ ವಾಡೆ ಎಂಬ ಹಳೆಯ ದೊಡ್ಡ ಮನೆಯಲ್ಲಿ ಗುರುಗಳ ನೆನಪಿಗೆ ಅಹೋರಾತ್ರಿ ಸಂಗೀತ ನಡೆಯುವ ಪರಂಪರೆ ಇದೆ. ಸಭಾಂಗಣದಲ್ಲಿ ನೀವು ಸಾಯಂಕಾಲದ ರಾಗಗಳನ್ನೇ ಕೇಳುತ್ತೀರಿ, ಏಕೆಂದರೆ ಒಂಬತ್ತೂವರೆಗೆ ಕಾವಲುಗಾರ ಬೀಗದ ಕೈ ಗೊಂಚಲು ಅಲ್ಲಾಡಿಸುತ್ತಾನೆ. ನಸುಕಿನ ರಾಗವನ್ನು ನಸುಕಿನಲ್ಲೇ ಕೇಳಬೇಕೆಂದರೆ ಅಂಥ ವಾಡೆಗೇ ಹೋಗಬೇಕು.

ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ನಾನು ಇಪ್ಪತ್ತೆರಡರ ಹುಡುಗನಾಗಿದ್ದಾಗ ಧಾರವಾಡದ ಒಂದು ಮನೆಯ ಪಡಸಾಲೆಯಲ್ಲಿ ಸಂಗೀತದ ಬೈಠಕ್ ಇತ್ತು. ಎರಡು ಮೈಕ್, ಎರಡು ಡಬ್ಬಿ ಹೊತ್ತುಕೊಂಡು ಹೋಗಿ ಹುರುಪಿನಿಂದ ಜೋಡಿಸಿದೆ. ಹಾಡಲು ಬಂದ ಹಿರಿಯರು ತಂಬೂರಿ ಶ್ರುತಿ ಮಾಡಿಸಿ, ಮೈಕಿನ ಕಂಬವನ್ನು ಎರಡು ಬೆರಳಿನಿಂದ ಆಚೆ ಸರಿಸಿ, ನನ್ನ ಕಡೆ ನೋಡಿ ನಕ್ಕರು. ನಾನು ಸ್ವಿಚ್ ಆರಿಸಿದೆ. ಮೂವತ್ತು ನಲವತ್ತು ಜನ ಇದ್ದರು. ಡಬ್ಬಿಯ ಗುಂಯ್ ಎನ್ನುವ ಸದ್ದು ನಿಂತ ಕೂಡಲೇ ಎಲ್ಲರೂ ಒಂದು ಗೇಣು ಮುಂದಕ್ಕೆ ಬಾಗಿದರು. ಅಟ್ಟದ ಮೇಲೆ ಇಲಿ ಓಡಿದ್ದೂ ಕೇಳಿಸಿತು. ಆಮೇಲೆ ಷಡ್ಜ. ಬಾಡಿಗೆ ಪೂರ್ತಿ ಕೊಟ್ಟರು, ನಾನು ಅರ್ಧ ತೆಗೆದುಕೊಂಡೆ. ಅಂಥ ಬೈಠಕ್‌ಗಳು ಈಗಲೂ ಮನೆಗಳಲ್ಲಿ ನಡೆಯುತ್ತವೆ. ರಿಜಿಸ್ಟರಿನಲ್ಲಿ ಹೆಸರು ಬರೆದವರಿಗೆ ಮಾತ್ರ ಗೊತ್ತಾಗುತ್ತದೆ.

ಮರಳುವುದಕ್ಕೆ ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ಸಿದೆ. ರಸ್ತೆಯ ನಡುವೆ ಅದಕ್ಕೇ ದಾರಿ, ನಡುವೆಯೇ ನಿಲ್ದಾಣ, ಬೆಳಕು ಚೆನ್ನಾಗಿರುತ್ತದೆ. ಧಾರವಾಡದಲ್ಲಿ ಇಳಿಯುವಾಗಲೇ ಕೌಂಟರಿನಲ್ಲಿ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಕೇಳಿಟ್ಟುಕೊಳ್ಳಿ. ಗಾಯಕರು ಭೈರವಿ ಎತ್ತಿಕೊಂಡರೆ ಇನ್ನೇನು ಮುಗಿಯಿತು ಎಂದು ತಿಳಿದು ಚಪ್ಪಲಿಯ ಕಡೆ ನಡೆಯಬಹುದು.

ನವನಗರದ ಗೃಹಿಣಿ:

ಕಾಕಾ ಅವರು ಹೇಳಿದ್ದೆಲ್ಲ ಸಂಗೀತ ಇಷ್ಟಪಡುವವರಿಗಾಯಿತು. ನನಗೆ ಇಬ್ಬರು ಮಕ್ಕಳು. ಷಡ್ಜ ಶುರುವಾಗುವಷ್ಟರಲ್ಲಿ ಸಣ್ಣವನಿಗೆ ಮೂತ್ರಕ್ಕೆ ಅವಸರವಾಗುತ್ತದೆ. ಆದ್ದರಿಂದ ನನ್ನ ಪಟ್ಟಿಯೇ ಬೇರೆ.

ಸೆಪ್ಟೆಂಬರಿನಲ್ಲಿ ಸಾಮಾನ್ಯವಾಗಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ಬರುತ್ತದೆ. ಹೊಲವಿಲ್ಲದವರಿಗೆ ಅಲ್ಲೇನು ಕೆಲಸ ಎಂದುಕೊಳ್ಳಬೇಡಿ. ಹಿಂಗಾರಿ ಬಿತ್ತನೆಗೆ ಮುಂಚಿನ ಹೊತ್ತು, ಬೀಜಕ್ಕಾಗಿ ಸುತ್ತಲಿನ ಜಿಲ್ಲೆಗಳ ರೈತರೆಲ್ಲ ಬರುತ್ತಾರೆ. ಬೆಳಿಗ್ಗೆ ಎಂಟಕ್ಕೇ ಹೋಗಿಬಿಡಿ, ಹತ್ತರ ನಂತರ ಹೆಜ್ಜೆಯಿಡಲು ಜಾಗ ಸಿಗುವುದಿಲ್ಲ. ನನ್ನ ಮಕ್ಕಳು ಕೀಟಗಳ ಪ್ರದರ್ಶನದಿಂದ ಕದಲುವುದಿಲ್ಲ. ಹೋದ ವರ್ಷ ದೊಡ್ಡವಳು ಕಡ್ಡಿಹುಳುವಿನ ಮುಂದೆ ಅರ್ಧ ತಾಸು ನಿಂತಿದ್ದಳು. ಕಡ್ಡಿ ಯಾವುದು, ಹುಳು ಯಾವುದು ಎಂದು ಪಕ್ಕದಲ್ಲಿದ್ದ ಪಟಕಾ ಸುತ್ತಿದ ಅಜ್ಜನೊಬ್ಬನ ಜೊತೆ ಪಂತ ಕಟ್ಟಿ ಸೋತಳು. ನಾನು ಏನೂ ಕೊಳ್ಳಬಾರದೆಂದು ಹೋಗಿ ಎರಡು ಕರಿಬೇವಿನ ಸಸಿ, ಒಂದು ಎರೆಗೊಬ್ಬರದ ಚೀಲ, ಒಂದು ರೊಟ್ಟಿ ಬುಟ್ಟಿ ಹೊತ್ತು ತಂದೆ. ಸಸಿಗಳಲ್ಲಿ ಒಂದು ಬದುಕಿದೆ.

ಹುಬ್ಬಳ್ಳಿಯ ರೈಲ್ವೆ ಮ್ಯೂಸಿಯಂ ನೋಡಿದ್ದೀರಾ? 2020ರಲ್ಲಿ ಆರಂಭವಾಯಿತು, ಗದಗ ರಸ್ತೆಯ ಕಡೆ ಇದೆ. ಮಲಪ್ರಭಾ, ಘಟಪ್ರಭಾ ಎಂಬ ಎರಡು ಹಳೆಯ ಬಂಗಲೆಗಳಲ್ಲಿ ಹಳೆಯ ಗಡಿಯಾರ, ಲಾಟೀನು, ಟಿಕೆಟ್ ಒತ್ತುವ ಯಂತ್ರಗಳನ್ನು ಇಟ್ಟಿದ್ದಾರೆ. ಅದನ್ನು ನೋಡಿ ನಿಲ್ದಾಣಕ್ಕೇ ಹೋಗಿ 1,507 ಮೀಟರಿನ ಪ್ಲಾಟ್‌ಫಾರ್ಮನ್ನು ಈ ತುದಿಯಿಂದ ಆ ತುದಿಗೆ ನಡೆಯಿರಿ. ಪ್ರಪಂಚದಲ್ಲೇ ಉದ್ದನೆಯದು ಎಂದು ನಾವು ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತೇವೆ, ಪೂರ್ತಿ ನಡೆದವರು ಮಾತ್ರ ಕಡಿಮೆ.

ನಿಮ್ಮ ತಾಯಿಯವರಿಗೆ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ಒಳ್ಳೆಯದು. ಕೆರೆಗೆ ಹೋದವರು ಅಷ್ಟರಲ್ಲೇ ಹಿಂತಿರುಗುತ್ತಾರೆ, ಗುಡಿ ಊರೊಳಗಿನ ಓಣಿಯಲ್ಲಿದೆ. ಚಾಲುಕ್ಯರ ಕಾಲದ್ದು, ನಾಲ್ಕು ದಿಕ್ಕಿಗೂ ಬಾಗಿಲು, ಒಳಗೆ ನಾಲ್ಕು ಮುಖದ ಲಿಂಗ. ಮಂಡಿನೋವಿನವರಿಗೆ ದೂರ ನಡೆಯುವ ಪ್ರಮೇಯವಿಲ್ಲ, ಆಟೋ ಸಮೀಪದವರೆಗೂ ಹೋಗುತ್ತದೆ. ಸಂಜೆ ಧಾರವಾಡದ ಸಾಧನಕೇರಿಯಲ್ಲಿ ಕೂರಿಸಿ. ಬೇಂದ್ರೆಯವರ ಮನೆ ಎದುರಿಗೇ ಇದೆ. ಜನವರಿ 31 ಅವರು ಹುಟ್ಟಿದ ದಿನ, ಅಂದು ಅಲ್ಲಿಯ ಬೇಂದ್ರೆ ಭವನದಲ್ಲಿ ಕಾರ್ಯಕ್ರಮವಿರುತ್ತದೆ, ಬರೆದಿಟ್ಟುಕೊಳ್ಳಿ.

ಚೌತಿಯ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಹುಬ್ಬಳ್ಳಿಯಲ್ಲಿ ಸಾರ್ವಜನಿಕ ಗಣಪತಿ ಹನ್ನೊಂದು ದಿನ. ದಾಜಿಬಾನ್ ಪೇಟೆ, ಮರಾಠಾ ಗಲ್ಲಿ, ಸ್ಟೇಷನ್ ರಸ್ತೆ ಎಂದು ರಾತ್ರಿ ಗಣಪತಿ ನೋಡುತ್ತಾ ನಡೆಯುವುದೇ ಒಂದು ಹಬ್ಬ. ಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ಜನ ಬರುತ್ತಾರೆ. ಮೊದಲ ಸಲ ಒಬ್ಬರೇ ಹೋಗಬೇಡಿ, ನಿಮ್ಮ ಮನೆಯ ಮಾಲೀಕರ ಹೆಣ್ಣುಮಕ್ಕಳ ಜೊತೆ ಹೊರಡಿ. ಕೊನೆಯ ಎರಡು ದಿನ ನೂಕುನುಗ್ಗಲು ಹೆಚ್ಚು, ಐದನೇ ಆರನೇ ದಿನ ಹೋದರೆ ನಿಂತು ನೋಡಬಹುದು.

ಗದಗಿನ ಮಾಸ್ತರ:

ಹುಬ್ಬಳ್ಳಿಯಲ್ಲಿದ್ದುಕೊಂಡು ಗದಗಿಗೆ ಬಾರದವರ ಬಗ್ಗೆ ನನಗೆ ಕನಿಕರವಿದೆ. ರೈಲಿನಲ್ಲಿ ಸುಮಾರು ಒಂದು ತಾಸಿನ ದಾರಿ.

ಸೆಪ್ಟೆಂಬರ್ 17 ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾದ ದಿನ. ಆ ಹೊತ್ತಿಗೆ ವೀರೇಶ್ವರ ಪುಣ್ಯಾಶ್ರಮದಲ್ಲಿ ಜನ ತುಂಬಿರುತ್ತಾರೆ. ನನ್ನನ್ನು ಕೇಳಿದರೆ ಜನ ಇಲ್ಲದ ದಿನವೇ ಹೋಗಬೇಕು. ಪಂಚಾಕ್ಷರಿ ಗವಾಯಿಗಳು ಕಟ್ಟಿ, ಪುಟ್ಟರಾಜರು ಬೆಳೆಸಿದ ಜಾಗ. ಗುರುಶಿಷ್ಯರಿಬ್ಬರೂ ಕಣ್ಣು ಕಾಣದವರು, ಕಣ್ಣು ಕಾಣದ ಎಷ್ಟೋ ಮಕ್ಕಳು ಅಲ್ಲಿ ಬಂದು ಕಲಿಯುತ್ತಾರೆ. ಒಂದು ಮೂಲೆಯಲ್ಲಿ ಹಾರ್ಮೋನಿಯಂ, ಇನ್ನೊಂದು ಮೂಲೆಯಲ್ಲಿ ತಬಲಾ, ಕಂಬಕ್ಕೆ ಒರಗಿ ಒಬ್ಬ ಹುಡುಗ ಅದೇ ತಾನ್ ಅನ್ನು ಇಪ್ಪತ್ತು ಸಲ. ಎಲ್ಲವೂ ಒಟ್ಟಿಗೆ ಕೇಳುತ್ತದೆ, ಆದರೂ ಯಾರೂ ಯಾರಿಂದಲೂ ತಾಳ ತಪ್ಪುವುದಿಲ್ಲ. ನಾನು ಶಾಲೆಯ ಮಕ್ಕಳನ್ನು ಕರೆದೊಯ್ದಾಗ ನಮ್ಮ ತರಗತಿಯ ಅತಿ ಗಲಾಟೆಯ ಹುಡುಗ ಹೊರಗೆ ಬಂದು ‘ಸರ್, ಅವನಿಗೆ ನಾವು ಬಂದದ್ದು ಹೆಜ್ಜೆಯಿಂದಲೇ ಗೊತ್ತಾಯಿತಂತೆ’ ಎಂದು ಪಿಸುಗುಟ್ಟಿದ.

ಊರೊಳಗೆ ತ್ರಿಕೂಟೇಶ್ವರ, ವೀರನಾರಾಯಣ ಎರಡೂ ಇವೆ. ಕುಮಾರವ್ಯಾಸ ಕುಳಿತು ಭಾರತ ಬರೆದನೆಂದು ಹೇಳುವ ಕಂಬವನ್ನು ವೀರನಾರಾಯಣನ ಗುಡಿಯಲ್ಲಿ ಈಗಲೂ ತೋರಿಸುತ್ತಾರೆ. ಹನ್ನೆರಡು ಕಿಲೋಮೀಟರು ಮುಂದೆ ಲಕ್ಕುಂಡಿ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿವಿಶ್ವೇಶ್ವರ, ಮೆಟ್ಟಿಲು ಬಾವಿ. ಬಾವಿಯ ಮೆಟ್ಟಿಲು ನಿಮ್ಮ ತಾಯಿಯವರಿಗೆ ಬೇಡ, ಮೇಲಿನಿಂದಲೇ ನೋಡಲಿ.

ಚಳಿಗಾಲಕ್ಕೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ನವೆಂಬರಿನಿಂದ ಬರತೊಡಗುತ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ರಾತ್ರಿ ಹೊಲಗಳಲ್ಲಿ ಮೇದು ಹಗಲು ಕೆರೆಯಲ್ಲಿ ತೂಕಡಿಸುವ ಹಕ್ಕಿಗಳು ಅವು. ಆದ್ದರಿಂದ ಸೂರ್ಯ ಹುಟ್ಟುವ ಹೊತ್ತಿಗೆ ದಂಡೆಯ ಮೇಲಿದ್ದರೆ ಹಿಂಡು ಹಿಂಡಾಗಿ ಇಳಿಯುವುದು ಕಾಣುತ್ತದೆ. ಮೇದದ್ದು ನಮ್ಮ ಮಾವನ ಹೊಲದಲ್ಲಿ ಎಂಬುದು ಬೇರೆ ಮಾತು. ಅವರನ್ನು ರಾಮ್ಸರ್ ಬಗ್ಗೆ ಕೇಳಬೇಡಿ.

ಹಾವೇರಿ ಹೋರಿ:

ದೀಪಾವಳಿಗೆ ಹಾವೇರಿ ಕಡೆ ಬನ್ನಿ. ಪಾಡ್ಯದ ದಿನ ಸೆಗಣಿಯಲ್ಲಿ ಪಾಂಡವರನ್ನು ಮಾಡಿ, ಚೆಂಡು ಹೂವು ಸಿಕ್ಕಿಸಿ ಹೊಸ್ತಿಲ ಬಳಿ ಇಡುತ್ತೇವೆ, ನಿಮ್ಮ ತಾಯಿಯವರಿಗೆ ನೋಡಲು ಇಷ್ಟವಾಗಬಹುದು. ಆಮೇಲೆ ಕೊಬ್ಬರಿ ಹೋರಿ. ಹೋರಿಯ ಕೊರಳಿಗೆ ಒಣಕೊಬ್ಬರಿಯ ಸರ ಕಟ್ಟಿ, ಕೊಂಬಿಗೆ ಪೀಪಿ ಎಂಬ ಬಣ್ಣದ ಅಲಂಕಾರ ಏರಿಸಿ ಓಡಿಸುತ್ತಾರೆ, ಹುಡುಗರು ಸರ ಹರಿಯಲು ಬೀಳುತ್ತಾರೆ. ನೋಡುವವರು ಬೇಲಿಯ ಆಚೆಯೇ ನಿಲ್ಲಬೇಕು, ಸುಮ್ಮನೆ ಹೇಳುತ್ತಿಲ್ಲ, ಜೀವ ಹೋದದ್ದುಂಟು. ತಾಯಿಯವರನ್ನು ಅಲ್ಲಿಗೆ ಕರೆದೊಯ್ಯಬೇಡಿ. ಅವರಿಗೆ ಬಂಕಾಪುರದ ಕೋಟೆಯಲ್ಲಿ ನವಿಲು ತೋರಿಸಿ, ಬೆಳಿಗ್ಗೆ ಬೇಗ ಹೋದರೆ ಕಾಣುತ್ತವೆ. ಕೋಟೆಯೊಳಗಿನ ನಗರೇಶ್ವರ ಗುಡಿಗೆ ನಾವು ಅರವತ್ತು ಕಂಬದ ಗುಡಿ ಎನ್ನುತ್ತೇವೆ.

ಕೊಪ್ಪೀಕರ ರಸ್ತೆಯವನು:

ಎಲ್ಲರೂ ಚಂದವಾಗಿ ಬರೆದಿರಿ. ನನ್ನ ಪ್ರಶ್ನೆಗೆ ಮಾತ್ರ ಉತ್ತರ ಬರಲಿಲ್ಲ. ಐದೂವರೆ ಎಂದರೆ ಐದೂವರೆಗೆ ಏಕೆ ಶುರುವಾಗುವುದಿಲ್ಲ?

ಮೈಕ್‌ಸೆಟ್ ಕಾಕಾ:

ತಮ್ಮಾ, ನೀನು ಕಾರ್ಡು ಓದಲು ಕಲಿತಿಲ್ಲ. ಸಮಯವನ್ನು ಓದಬಾರದು, ಹೆಸರುಗಳನ್ನು ಎಣಿಸಬೇಕು. ದಿವ್ಯ ಸಾನ್ನಿಧ್ಯ, ಉದ್ಘಾಟನೆ, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಘನ ಉಪಸ್ಥಿತಿ ಎಂದು ಐದೂ ಇದ್ದರೆ ಅಲ್ಲಿಗೆ ಏಳೆಂಟು ಜನವಾಯಿತು. ಒಬ್ಬೊಬ್ಬರಿಗೆ ಸ್ವಾಗತ, ಹೂವು, ಮಾತು ಎಲ್ಲ ಸೇರಿ ಹತ್ತು ನಿಮಿಷ ಹಿಡಿ. ಕೆಳಗೆ ಸನ್ಮಾನ ಎಂದು ಬೇರೆ ಇದ್ದರೆ ಇನ್ನೂ ಅರ್ಧ ತಾಸು. ಐದೂವರೆಯ ಕಾರ್ಡಿಗೆ ಏಳೂಕಾಲಕ್ಕೆ ಹೋಗು, ಹಾಡು ಆಗಲೇ ಶುರುವಾಗಿರುತ್ತದೆ, ಇಲ್ಲವೇ ವಂದನಾರ್ಪಣೆ ನಡೆದಿರುತ್ತದೆ. ಕಾರ್ಡಿನಲ್ಲಿ ಹಾಡುವವರು, ತಬಲಾ, ಹಾರ್ಮೋನಿಯಂ ಇಷ್ಟೇ ಮೂರು ಹೆಸರಿದ್ದರೆ ಮಾತ್ರ ಹತ್ತು ನಿಮಿಷ ಮುಂಚೆ ಹೋಗು. ಅವರು ಕಾಯುವುದಿಲ್ಲ.

ಅಂದ ಹಾಗೆ ಶಾಲು ಹೊದಿಸುವ ಹೊತ್ತು ನನ್ನಂಥವನಿಗೆ ಬೇಕೇ ಬೇಕು. ತಂಬೂರಿಯ ಮೈಕ್ ಸರಿಮಾಡಿಕೊಳ್ಳಲು ಬೇರೆ ಸಮಯ ಯಾರು ಕೊಡುತ್ತಾರೆ?

ಕುಂದಾಪುರದವಳು:

ಕಾಕಾ, ಇವತ್ತು ಹೋಗಿಬಂದೆ! ಸಂಘದ ಸೂಚನಾ ಫಲಕ ನೋಡಲೆಂದು ಚಿಗರಿಯಲ್ಲಿ ಧಾರವಾಡಕ್ಕೆ ಹೋದವಳು ಅಲ್ಲೇ ಒಂದು ದತ್ತಿ ಉಪನ್ಯಾಸದಲ್ಲಿ ಕುಳಿತುಬಿಟ್ಟೆ. ವಿಷಯ ತತ್ವಪದಗಳು. ಕೇಳುವವರು ನನ್ನನ್ನೂ ಸೇರಿಸಿ ಹತ್ತೊಂಬತ್ತು ಜನ, ಎಣಿಸಿದೆ. ಮಾತನಾಡಿದವರು ನಡುವೆ ಎರಡು ಪದ ಹಾಡಿದರು, ಗಂಟಲು ಸರಿಯಿಲ್ಲವೆಂದು ಕ್ಷಮೆ ಕೇಳಿ ಮೂರನೆಯದನ್ನೂ ಹಾಡಿದರು.

ಪಕ್ಕದಲ್ಲಿ ಇಳಕಲ್ ಸೀರೆಯುಟ್ಟ ಅಜ್ಜಿಯೊಬ್ಬರಿದ್ದರು. ‘ನೀವು ಯಾರ ಪೈಕಿ?’ ಎಂದು ಕೇಳಿದರು. ಯಾರ ಪೈಕಿಯೂ ಅಲ್ಲ, ಸುಮ್ಮನೆ ಬಂದೆ ಎಂದೆ. ಅವರು ಒಂದು ಗಳಿಗೆ ನನ್ನನ್ನೇ ನೋಡಿ, ಚೀಲದಿಂದ ಪೇಢೆ ತೆಗೆದು ಕೈಗಿಟ್ಟರು. ದತ್ತಿ ಇಟ್ಟದ್ದು ಅವರ ಯಜಮಾನರ ಹೆಸರಿನಲ್ಲಂತೆ. ಪ್ರತಿ ವರ್ಷ ಲೈನ್ ಬಜಾರಿನಲ್ಲಿ ಸಾಲು ನಿಂತು ಅರ್ಧ ಕಿಲೋ ಪೇಢೆ ತರುತ್ತಾರಂತೆ, ಮನೆಯವರು, ಪರಿಚಯದವರು ತಿಂದು ಹೋಗುತ್ತಾರಂತೆ. ಪರಿಚಯವೇ ಇಲ್ಲದವರೊಬ್ಬರು ಕೇಳಲು ಬಂದದ್ದು ಇದೇ ಮೊದಲು ಎಂದರು. ಫಲಕ ನೋಡಲು ಬಂದವಳು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ರಿಜಿಸ್ಟರಿನಲ್ಲಿ ಹೆಸರು ಬರೆದಿದ್ದೇನೆ. ಪೆನ್ನಿಗೆ ದಾರ ಇತ್ತು, ಪೆನ್ನು ಬರೆಯಲಿಲ್ಲ, ನನ್ನದೇ ತೆಗೆದೆ. ಕುಂದಗೋಳಕ್ಕೆ ಹೋಗುವುದೆಂದು ನಿಶ್ಚಯ ಮಾಡಿದ್ದೇನೆ, ನಮ್ಮ ಶಾಖೆಯ ಇನ್ನೊಬ್ಬರೂ ಜೊತೆಗೆ ಬರುತ್ತಾರೆ. ರಾತ್ರಿಯಿಡೀ ಕೂರಲು ಏನು ತರಬೇಕು?

ಮೈಕ್‌ಸೆಟ್ ಕಾಕಾ:

ಹೊದಿಕೆ ಎರಡು ತನ್ನಿರಿ, ಒಂದು ಹಾಸಲು, ಒಂದು ಹೊದೆಯಲು. ನಸುಕಿನ ಹೊತ್ತಿಗೆ ವಾಡೆಯ ನೆಲ ತಣ್ಣಗಾಗುತ್ತದೆ. ಡಬ್ಬಿಯ ಎದುರು ಕೂರಬೇಡಿ, ಎಷ್ಟೇ ಒಳ್ಳೆಯ ಜಾಗ ಖಾಲಿ ಇದ್ದರೂ ಸರಿ. ತಬಲಾದವರ ಎಡಕ್ಕೆ, ನಾಲ್ಕೈದು ಸಾಲು ಹಿಂದೆ, ಗೋಡೆಗೆ ಒರಗಿ ಒಬ್ಬ ಬೋಳು ತಲೆಯ ಮುದುಕ ಕಣ್ಣು ಮುಚ್ಚಿ ಕುಳಿತಿರುತ್ತಾನೆ. ಮೈಕ್ ಕುಯ್ಯೆಂದಾಗ ಎಲ್ಲರಿಗಿಂತ ಮೊದಲು ಕಣ್ಣು ಬಿಡುವವನು ಯಾರೋ ಅವನೇ ನಾನು. ಚಹಾದ ಥರ್ಮಾಸು ನನ್ನ ಹತ್ತಿರ ಇರುತ್ತದೆ, ಲೋಟ ನೀವು ತನ್ನಿ.